ಉಪ್ಪಾಗೆಯ ಆಮ್ಲ: ಅದರ ಗುಣ ಮತ್ತು ಮಿತಿ

ಭಟ್ಕಳ, ಹೊನ್ನಾವರ, ಕುಮಟಾ ಎಂಬ ಮೂರು ತಾಲ್ಲೂಕುಗಳು ಉತ್ತರ ಕನ್ನಡ ಜಿಲ್ಲೆಯ ದಕ್ಷಿಣ ಕರಾವಳಿಯಲ್ಲಿ ಒಂದರ ಮಗ್ಗುಲಿಗೆ ಒಂದು ಹೊಂದಿಕೊಂಡಿವೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಸಹ್ಯಾದ್ರಿಯ ಇಳಿಜಾರು, ನಡುವೆ ಶರಾವತಿ ಮತ್ತು ಅಘನಾಶಿನಿ ನದಿಗಳ ಹಸುರು ಕಣಿವೆಗಳು. ಬಯಲುಸೀಮೆಯ ಅಡುಗೆಗೆ ಹುಣಿಸೆ ಹೇಗೋ ಈ ಸೀಮೆಯ ಅಡುಗೆಗೆ ಕಾಡಿನ ಹುಳಿಗಳು ಹಾಗೆ. ಮುರುಗಲು, ಉಪ್ಪಾಗೆ, ವಾಟೆ, ಅಮಟೆ, ಬಿಂಬುಳಿ ಇವೆಲ್ಲವೂ ಇಲ್ಲಿನ ಗೃಹಿಣಿಯರ ಕೈಗೆ ಒಗ್ಗಿದ ಪದಾರ್ಥಗಳೇ. ಇವುಗಳಲ್ಲಿ ಉಪ್ಪಾಗೆಯೆಂಬ ಹಣ್ಣಿನ ಸಿಪ್ಪೆಯು ಕಳೆದ ಶತಮಾನದ ಕೊನೆಯ ದಶಕದಲ್ಲಿ ಇದ್ದಕ್ಕಿದ್ದಂತೆ ಸಮುದ್ರದಾಚೆಯ ದೇಶಗಳಲ್ಲಿ ಪ್ರಸಿದ್ಧವಾಯಿತು. ದೇಹದ ಕೊಬ್ಬನ್ನು ಕರಗಿಸುವ ಗುಣ ಅದರಲ್ಲಿದೆಯೆಂಬ ಪ್ರಚಾರವೇ ಈ ಪ್ರಸಿದ್ಧಿಗೆ ಕಾರಣ. ಇಂದು ಆ ಸಿಪ್ಪೆಯ ಸಾರವು ಚಿಕ್ಕ ಡಬ್ಬಿಗಳಲ್ಲಿ ಮಾತ್ರೆಯ ರೂಪ ತಾಳಿ, ತಾನು ಹುಟ್ಟಿದ ಊರಿನ ಅಂಗಡಿಗಳಿಗೇ ಹಿಂದಿರುಗಿ ಬಂದಿದೆ.

ಮಾತ್ರೆ ಎಂಬ ಶಬ್ದವನ್ನು ಇಲ್ಲಿ ತುಸು ವಿಚಾರಿಸುವುದು ಉಚಿತ. ಅಳೆ ಎಂಬ ಅರ್ಥದ ‘ಮಾ’ ಧಾತುವಿನಿಂದ ಮಾತ್ರೆ, ಪ್ರಮಾಣ, ಮಿತಿ ಎಂಬ ಪದಗಳೆಲ್ಲ ಹುಟ್ಟಿವೆ. ಛಂದಸ್ಸಿನಲ್ಲಿ ಮಾತ್ರೆಯೆಂದರೆ ಉಚ್ಚಾರಣೆಯ ಕಾಲದ ಅಳತೆ. ವೈದ್ಯದಲ್ಲಿ ಮಾತ್ರೆಯೆಂದರೆ ಔಷಧದ ಅಳತೆ. ಅಳೆದು ಕೊಟ್ಟದ್ದಾದುದರಿಂದಲೇ ಗುಳಿಗೆಗೂ ಮಾತ್ರೆಯೆಂಬ ಹೆಸರು ಬಂದಿತು. ಅಳತೆಯನ್ನು ಬಿಟ್ಟರೆ ಮಾತ್ರೆಯಲ್ಲಿ ಉಳಿಯುವುದು ಬರಿಯ ವಸ್ತು. ಉಪ್ಪಾಗೆಯ ಆಮ್ಲದ ಕಥೆಯನ್ನು ಆದ್ಯಂತವಾಗಿ ನೋಡಿದವರಿಗೆ ಈ ಅಳತೆಯ ಪ್ರಶ್ನೆಯೇ ಅದರ ಸಾರವೆಂದು ತಿಳಿದೀತು.

ಹೆಸರು ಮತ್ತು ರೂಪ

ಉಪ್ಪಾಗೆಯನ್ನು ಕೆಲವೆಡೆ ಉಪ್ಪಗೆ ಎಂದೂ ಕರೆಯುತ್ತಾರೆ. ಮಲೆಯಾಳದಲ್ಲಿ ಇದು ಕೊಡಂಪುಳಿ, ಸಿಂಹಳದಲ್ಲಿ ಗೊರಕ. ಕೊಡಗಿನಲ್ಲಿ ಇದರ ಹಣ್ಣಿನಿಂದಿಳಿದ ರಸವನ್ನು ಕುದಿಸಿ ಬತ್ತಿಸಿ ಕಪ್ಪಗಿನ ಕಾಚಂಪುಳಿಯನ್ನು ತಯಾರಿಸುವ ರೂಢಿಯುಂಟು. ಸಸ್ಯಶಾಸ್ತ್ರಜ್ಞರು ಇದನ್ನು ಗಾರ್ಸೀನಿಯ ಗಮ್ಮಿಗಟ್ಟ ಎನ್ನುತ್ತಾರೆ. ಹಿಂದೆ ಗಾರ್ಸೀನಿಯ ಕಾಂಬೋಜಿಯ ಎಂಬ ಹೆಸರಿತ್ತು, ವ್ಯಾಪಾರದಲ್ಲಿ ಈಗಲೂ ಅದೇ ಹೆಸರು ನಡೆಯುತ್ತಿದೆ. ಲಾರೆಂಟ್ ಗಾರ್ಸಿನ್ ಎಂಬ ನಿಸರ್ಗ ವಿದ್ವಾಂಸನ ಸ್ಮರಣೆಗಾಗಿ ಲಿನೇಯಸ್ ಪಂಡಿತನು ಗಾರ್ಸೀನಿಯ ಎಂಬ ಕುಲನಾಮವನ್ನಿಟ್ಟನು. ಎರಡನೆಯ ಭಾಗ ಮಾತ್ರ ಒಂದು ತಪ್ಪು ತಿಳಿವಳಿಕೆಯ ಫಲ. ಕಾಂಬೋಡಿಯ ದೇಶದಿಂದ ಯುರೋಪಿಗೆ ಹೋಗುತ್ತಿದ್ದ ಹಳದಿ ಬಣ್ಣದ ಅಂಟು ಈ ಮರದ್ದೇ ಎಂದು ಆಗ ಭಾವಿಸಲಾಗಿತ್ತು. ಆ ಅಂಟು ಇದೇ ಕುಲದ ಬೇರೊಂದು ಮರದ್ದು. ಪಶ್ಚಿಮ ಘಟ್ಟ ಮತ್ತು ಶ್ರೀಲಂಕೆಗೆ ಸೇರಿದ ಮರವು ಹೀಗೆ ಕಾಂಬೋಡಿಯದ ಹೆಸರನ್ನು ಹೊತ್ತುಕೊಂಡಿತು.

ಯುರೋಪಿನ ಗ್ರಂಥಗಳಲ್ಲಿ ಇದರ ವರ್ಣನೆ ಸಾಕಷ್ಟು ಹಳೆಯದು. ಮಲಬಾರಿನ ಡಚ್ ಅಧಿಕಾರಿ ವಾನ್ ರೀಡ್ ಎಂಬಾತನು ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದ ಮೊದಲ ಸಂಪುಟವು ೧೬೭೮ರಲ್ಲಿ ಆಮ್‌ಸ್ಟರ್‌ಡಾಮ್ ನಗರದಲ್ಲಿ ಅಚ್ಚಾಯಿತು. ಅದರಲ್ಲಿ ಕೊಡಂಪುಳಿಯ ಚಿತ್ರವೂ ವಿವರಣೆಯೂ ಇವೆ. ಆ ಗ್ರಂಥಕ್ಕೆ ಮಾಹಿತಿಯನ್ನು ಒದಗಿಸಿದವರಲ್ಲಿ ಇಟ್ಟಿ ಅಚ್ಯುತನ್ ಎಂಬ ವೈದ್ಯನೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವಿದ್ವಾಂಸರೂ ಇದ್ದರು.

ಉಪ್ಪಾಗೆಯು ನಿತ್ಯಹರಿದ್ವರ್ಣದ ಮಧ್ಯಮ ಗಾತ್ರದ ಮರ. ಎಲೆ ದಟ್ಟ ಹಸುರು, ನುಣುಪು. ಗಂಡು ಮರ, ಹೆಣ್ಣು ಮರಗಳು ಸಾಮಾನ್ಯವಾಗಿ ಬೇರೆ ಬೇರೆ. ಕಾಯಿ ಬಿಡುವುದು ಹೆಣ್ಣು ಮರ ಮಾತ್ರ. ಹಣ್ಣು ಪುಟ್ಟ ಕುಂಬಳಕಾಯಿಯ ಹಾಗೆ ಏಣು ಏಣಾಗಿದ್ದು, ಮಾಗಿದಾಗ ಹಳದಿಗೆ ಅಥವಾ ನಸುಗೆಂಪಿಗೆ ತಿರುಗುತ್ತದೆ. ಅದು ಮಾಗುವುದು ಮುಂಗಾರಿನ ಜಡಿಮಳೆಯ ತಿಂಗಳುಗಳಲ್ಲಿ. ಇದರ ಸೋದರ ವೃಕ್ಷವಾದ ಮುರುಗಲು, ಅಂದರೆ ಗಾರ್ಸೀನಿಯ ಇಂಡಿಕ, ಬೇಸಗೆಯ ಕೊನೆಯಲ್ಲಿ ಕಡುಗೆಂಪಾದ ಹಣ್ಣು ಬಿಡುತ್ತದೆ. ಇದನ್ನೇ ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುತ್ತಾರೆ, ಕೊಂಕಣದವರು ಕೋಕಂ ಎನ್ನುತ್ತಾರೆ. ಈ ಎರಡು ಮರಗಳ ಹಣ್ಣಿನಲ್ಲಿಯೂ ಪ್ರಸ್ತುತ ಆಮ್ಲವಿದೆ.

ಆಯುರ್ವೇದದಲ್ಲಿ ವೃಕ್ಷಾಮ್ಲವೆಂಬ ಹೆಸರು ಬರುತ್ತದೆ. ಅದನ್ನು ಸಾಮಾನ್ಯವಾಗಿ ಮುರುಗಲೆಂದು ಗುರುತಿಸುತ್ತಾರೆ. ಚರಕಸಂಹಿತೆಯ ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಹೃದ್ಯವೆನಿಸಿದ ಹತ್ತು ದ್ರವ್ಯಗಳ ಗಣವೊಂದುಂಟು. ಮಾವು, ಅಮಟೆ, ದಾಳಿಂಬೆ, ಮಾದಳ, ಬೋರೆಗಳೊಡನೆ ವೃಕ್ಷಾಮ್ಲಕ್ಕೂ ಅಲ್ಲಿ ಸ್ಥಾನ ದೊರೆತಿದೆ. ಹುಳಿಹಣ್ಣುಗಳು ಮನಸ್ಸಿಗೆ ಹಿತವೆಂಬುದನ್ನು ಪ್ರಾಚೀನರು ಬಲ್ಲವರಾಗಿದ್ದರು.

ಅಡುಗೆಮನೆಯ ಬಳಕೆ

ಈ ಮೂರು ತಾಲ್ಲೂಕುಗಳ ಮನೆಗಳಲ್ಲಿ ಮುರುಗಲ ಸಿಪ್ಪೆಯ ಸಾರು, ಪಾನಕಗಳು ಬೇಸಗೆಯ ನಿತ್ಯದ ಪದಾರ್ಥಗಳು. ಉಪ್ಪಾಗೆಯ ಸಿಪ್ಪೆಯನ್ನು ಒಣಗಿಸಿಟ್ಟು ವರ್ಷವಿಡೀ ಹುಳಿಗೆ ಬಳಸುತ್ತಾರೆ. ಮೀನಿನ ಅಡುಗೆಯುಳ್ಳವರು ಅದರಲ್ಲಿಯೂ ಈ ಹುಳಿಗಳನ್ನೇ ಮೆಚ್ಚುತ್ತಾರೆ. ಹಿಂದೆ ಪಶ್ಚಿಮ ಕರಾವಳಿಯಿಂದ ಸಿಂಹಳಕ್ಕೆ ಬಂಗಡೆ ಮೀನನ್ನು ಕಳುಹಿಸುವಾಗ ಉಪ್ಪಿನೊಡನೆ ಈ ಸಿಪ್ಪೆಯನ್ನೂ ಸೇರಿಸಿ ಪೀಪಾಯಿಗಳಲ್ಲಿ ತುಂಬುವ ಕ್ರಮವಿತ್ತು. ಆಮ್ಲದ ತೀಕ್ಷ್ಣತೆಯಿಂದ ಕೊಳೆಯಿಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು. ರುಚಿಗೆಂದು ಬಂದ ಹುಳಿಯು ಹೀಗೆ ರಕ್ಷಕವಸ್ತುವೂ ಆಯಿತು.

ಬೀಜವೂ ವ್ಯರ್ಥವಲ್ಲ. ಉಪ್ಪಾಗೆಯ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಕೊಬ್ಬು ಆರಿದಾಗ ಗಟ್ಟಿಯಾಗುತ್ತದೆ. ಇದೇ ಉಪ್ಪಾಗೆ ತುಪ್ಪ. ಮುರುಗಲ ಬೀಜದಿಂದಲೂ ಇಂಥದೇ ತುಪ್ಪ ಬರುತ್ತದೆ. ಹೈನು ಕಡಮೆಯಿದ್ದ ಕಾಡಂಚಿನ ಮನೆಗಳಲ್ಲಿ ಇದು ದೋಸೆಗೂ ಒಗ್ಗರಣೆಗೂ ಆಗುತ್ತಿತ್ತು. ಒಡೆದ ಹಿಮ್ಮಡಿಗೂ ತುಟಿಗೂ ಲೇಪವಾಗುತ್ತಿತ್ತು. ಬಡವನಿಗೆ ಜಿಡ್ಡನ್ನು ಒದಗಿಸಿದ ಹಣ್ಣಿನ ಸಿಪ್ಪೆಯೇ ಮುಂದೆ ಸಿರಿವಂತನ ಜಿಡ್ಡನ್ನು ಕರಗಿಸುವ ಔಷಧವೆಂದು ಮಾರಾಟವಾದುದು ಕಾಲದ ವೈಚಿತ್ರ್ಯವೆನ್ನಬೇಕು.

ಆಮ್ಲದ ಶೋಧ

ಉಪ್ಪಾಗೆಯ ಹುಳಿಗೆ ಹುಣಿಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಮತ್ತು ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲಗಳೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಈ ನಂಬಿಕೆಯನ್ನು ತಿದ್ದಿದ ಕೀರ್ತಿ ಕನ್ನಡ ನಾಡಿನ ಒಂದು ಸಂಸ್ಥೆಗೆ ಸಲ್ಲುತ್ತದೆ. ಮೈಸೂರಿನ ಚೆಲುವಾಂಬಾ ಮಹಲಿನಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅವರು ೧೯೬೫ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಈ ಹಣ್ಣಿನ ಮುಖ್ಯ ಆಮ್ಲವು ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವೆಂದು ತೋರಿಸಿಕೊಟ್ಟರು.

ನಿಂಬೆಯ ಸಿಟ್ರಿಕ್ ಆಮ್ಲದ ಅಣುವಿನಲ್ಲಿ ಇಂಗಾಲದ ಆರು, ಜಲಜನಕದ ಎಂಟು, ಆಮ್ಲಜನಕದ ಏಳು ಪರಮಾಣುಗಳಿವೆ. ಉಪ್ಪಾಗೆಯ ಆಮ್ಲದಲ್ಲಿ ಆಮ್ಲಜನಕದ ಪರಮಾಣು ಒಂದು ಹೆಚ್ಚು, ಉಳಿದುದೆಲ್ಲ ಸಮ. ಈ ಆಮ್ಲವು ಪರಮಾಣುಗಳ ಜೋಡಣೆಯ ಭೇದದಿಂದ ನಾಲ್ಕು ರೂಪಗಳಲ್ಲಿರಲು ಸಾಧ್ಯ. ಉಪ್ಪಾಗೆ, ಮುರುಗಲುಗಳಲ್ಲಿರುವುದು ಅವುಗಳಲ್ಲಿ ಒಂದು. ಕೆಂಪು ಪುಂಡಿಯ ಹೂವಿನ ದಳಪಾತ್ರೆಯಲ್ಲಿರುವುದು ಇನ್ನೊಂದು. ಒಂದೇ ಅಕ್ಷರಗಳನ್ನು ಬೇರೆ ಕ್ರಮದಲ್ಲಿಟ್ಟರೆ ಅರ್ಥ ಬೇರೆಯಾಗುವಂತೆ, ಜೋಡಣೆ ಬದಲಾದರೆ ಆಮ್ಲದ ಗುಣವೂ ಬದಲಾಗುತ್ತದೆ. ಉಪ್ಪಾಗೆಯ ಒಣ ಸಿಪ್ಪೆಯ ತೂಕದಲ್ಲಿ ಈ ಆಮ್ಲವು ಹೆಚ್ಚುಕಡಮೆ ನೂರಕ್ಕೆ ೧೦ರಿಂದ ೩೦ರಷ್ಟಿರುತ್ತದೆ. ಹಣ್ಣಿನ ಪಕ್ವತೆ, ಒಣಗಿಸಿದ ಕ್ರಮಗಳಿಗೆ ತಕ್ಕಂತೆ ಇದರಲ್ಲಿ ವ್ಯತ್ಯಾಸವುಂಟು. ಒಣಗಿಸುವಾಗಲೂ ಕುದಿಸುವಾಗಲೂ ಆಮ್ಲದ ಒಂದು ಪಾಲು ಲ್ಯಾಕ್ಟೋನ್ ಎಂಬ ಮಂದಗುಣದ ರೂಪಕ್ಕೆ ತಿರುಗುತ್ತದೆ. ಇದನ್ನು ತಡೆಯಲೆಂದೇ ಕಾರ್ಖಾನೆಗಳಲ್ಲಿ ಆಮ್ಲವನ್ನು ಸುಣ್ಣದ ಅಂಶ ಅಥವಾ ಪೊಟಾಸಿಯಂ ಜೊತೆ ಕೂಡಿಸಿ ಲವಣವನ್ನಾಗಿ ಮಾಡುತ್ತಾರೆ.

ದೇಹದಲ್ಲಿ ಅದರ ಕಾರ್ಯ

ಹೆಚ್ಚಾಗಿ ತಿಂದ ಅನ್ನ ಸಕ್ಕರೆಗಳು ದೇಹದಲ್ಲಿ ಕೊಬ್ಬಾಗುತ್ತವೆಯೆಂಬುದು ಎಲ್ಲರೂ ಬಲ್ಲ ಸಂಗತಿ. ಈ ಮಾರ್ಪಾಡಿನ ಹಾದಿಯಲ್ಲಿ ಸಿಟ್ರಿಕ್ ಆಮ್ಲದ ರೂಪವೊಂದು ಹುಟ್ಟುತ್ತದೆ. ಜೀವಕೋಶದೊಳಗಿನ ಕಿಣ್ವವೊಂದು ಅದನ್ನು ಒಡೆದರೆ ಕೊಬ್ಬು ಕಟ್ಟಲು ಬೇಕಾದ ಮೂಲವಸ್ತು ಸಿಗುತ್ತದೆ. ಎ.ಟಿ.ಪಿ. ಸಿಟ್ರೇಟ್ ಲಯೇಸ್ ಎಂಬುದು ಆ ಕಿಣ್ವದ ಹೆಸರು. ಉಪ್ಪಾಗೆಯ ಆಮ್ಲವು ನಿಂಬೆಯ ಆಮ್ಲವನ್ನು ಬಹುವಾಗಿ ಹೋಲುವುದರಿಂದ ಕಿಣ್ವವು ಮೋಸಹೋಗಿ ಇದನ್ನೇ ಹಿಡಿದುಕೊಳ್ಳುತ್ತದೆ, ಆದರೆ ಒಡೆಯಲಾರದು. ಬೀಗದೊಳಕ್ಕೆ ಹೊಕ್ಕು ತಿರುಗದೆ ನಿಂತ ಕೀಲಿಕೈಯಂತೆ ಆಮ್ಲವು ಕಿಣ್ವದ ಕೆಲಸವನ್ನು ತಡೆದುಬಿಡುತ್ತದೆ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾನಿಲಯದ ಜಾನ್ ಲೋವೆನ್‌ಸ್ಟೈನ್ ಮತ್ತು ಅವರ ಸಂಗಡಿಗರು ೧೯೬೯ರಲ್ಲಿ ಈ ತಡೆಯನ್ನು ಗುರುತಿಸಿದರು. ೧೯೭೧ರಲ್ಲಿ ಇಲಿಗಳ ಯಕೃತ್ತಿನಲ್ಲಿ ಕೊಬ್ಬಿನ ತಯಾರಿಕೆ ತಗ್ಗುವುದನ್ನು ತೋರಿಸಿದರು. ಈ ಆಮ್ಲವನ್ನು ತಿಂದ ಇಲಿಗಳು ಆಹಾರವನ್ನೂ ಕಡಮೆ ತಿಂದುವೆಂದು ಆ ದಶಕದ ಇತರ ಪ್ರಯೋಗಗಳಿಂದ ತಿಳಿದುಬಂದಿತು.

ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿಯೂ ಕಾಣಬೇಕೆಂಬ ನಿಯಮವಿಲ್ಲ. ಇಲಿಯು ಸಕ್ಕರೆಯನ್ನು ಕೊಬ್ಬಾಗಿ ಮಾರ್ಪಡಿಸುವಷ್ಟು ಪ್ರಮಾಣದಲ್ಲಿ ಮನುಷ್ಯನ ದೇಹವು ಮಾರ್ಪಡಿಸುವುದಿಲ್ಲ. ಮಿಶ್ರಾಹಾರ ಸೇವಿಸುವ ಮನುಷ್ಯನಲ್ಲಿ ಶೇಖರವಾಗುವ ಕೊಬ್ಬಿನ ಬಹುಪಾಲು ಆತನು ಕೊಬ್ಬಿನ ರೂಪದಲ್ಲಿಯೇ ತಿಂದದ್ದು. ತಯಾರಿಕೆಯೇ ಅಲ್ಪವಾಗಿರುವಲ್ಲಿ ಅದನ್ನು ತಡೆದುದರಿಂದ ಆಗುವ ಲಾಭವೂ ಅಲ್ಪವೇ.

ಮನುಷ್ಯರ ಮೇಲಿನ ಪರೀಕ್ಷೆ

ಅಮೆರಿಕದಲ್ಲಿ ೧೯೯೪ರಲ್ಲಿ ಜಾರಿಗೆ ಬಂದ ಕಾಯಿದೆಯೊಂದು ಆಹಾರಪೂರಕ ವಸ್ತುಗಳನ್ನು ಔಷಧಗಳಿಂದ ಪ್ರತ್ಯೇಕಿಸಿತು. ಇಂಥ ವಸ್ತುಗಳು ಗುಣಕಾರಿಯೆಂದು ಮಾರಾಟಕ್ಕೆ ಮೊದಲೇ ಸಿದ್ಧಪಡಿಸಬೇಕಾದ ಹೊಣೆ ತಯಾರಕರಿಗೆ ಉಳಿಯಲಿಲ್ಲ. ಉಪ್ಪಾಗೆಯ ಸಾರಕ್ಕೆ ಇದರಿಂದ ದೊಡ್ಡ ಮಾರುಕಟ್ಟೆ ದೊರಕಿತು. ಪರೀಕ್ಷೆ ತಡವಾಗಿ ಬಂದಿತು. ೧೯೯೮ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಹೇಮ್ಸ್‌ಫೀಲ್ಡ್ ಮತ್ತು ಸಂಗಡಿಗರ ವರದಿ ಪ್ರಕಟವಾಯಿತು. ಅವರು ಸ್ಥೂಲಕಾಯರಾದ ೧೩೫ ಮಂದಿಯನ್ನು ಎರಡು ತಂಡಗಳಾಗಿ ವಿಂಗಡಿಸಿ, ೧೨ ವಾರಗಳ ಕಾಲ ಎಲ್ಲರಿಗೂ ಮಿತಾಹಾರವನ್ನು ವಿಧಿಸಿದರು. ಒಂದು ತಂಡಕ್ಕೆ ದಿನಕ್ಕೆ ೧,೫೦೦ ಮಿಲಿಗ್ರಾಂ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವನ್ನೂ ಇನ್ನೊಂದಕ್ಕೆ ಏನೂ ಗುಣವಿಲ್ಲದ ತೋರಿಕೆಯ ಮಾತ್ರೆಯನ್ನೂ ಕೊಟ್ಟರು. ಆಮ್ಲ ಸೇವಿಸಿದವರ ತೂಕ ಸರಾಸರಿ ೩.೨ ಕಿಲೋಗ್ರಾಂ ಇಳಿಯಿತು. ತೋರಿಕೆಯ ಮಾತ್ರೆ ಸೇವಿಸಿದವರದು ೪.೧ ಕಿಲೋಗ್ರಾಂ. ಈ ಅಂತರವು ಗಣನೀಯವಲ್ಲವೆಂದು ಲೆಕ್ಕದಿಂದ ತಿಳಿದುಬಂದಿತು. ಎಂದರೆ ಇಳಿತಕ್ಕೆ ಕಾರಣ ಮಿತಾಹಾರ, ಮಾತ್ರೆಯಲ್ಲ. ೨೦೧೧ರಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಆಮ್ಲದಿಂದ ದೊರೆತ ಹೆಚ್ಚುವರಿ ಇಳಿತವು ಒಂದು ಕಿಲೋಗ್ರಾಮಿಗೂ ಕಡಮೆಯಾಗಿತ್ತು.

ಇದರಿಂದ ಆಮ್ಲವು ನಿರುಪಯುಕ್ತವೆಂದು ತೀರ್ಮಾನಿಸುವುದು ಸಲ್ಲದು. ಮೂತ್ರಪಿಂಡದಲ್ಲಿ ಕಲ್ಲಾಗುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳನ್ನು ಈ ಆಮ್ಲವು ಕರಗಿಸಬಲ್ಲುದೆಂದು ೨೦೧೬ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗಾಲಯದ ಅಧ್ಯಯನವು ತೋರಿಸಿದೆ. ಮೇಲೆ ಹೇಳಿದ ಕಿಣ್ವವನ್ನೇ ತಡೆಯುವ ಬೆಂಪಿಡೋಯಿಕ್ ಆಮ್ಲವೆಂಬ ಬೇರೊಂದು ಕೃತಕ ಔಷಧವು ಕೊಲೆಸ್ಟರಾಲ್ ತಗ್ಗಿಸಲೆಂದು ೨೦೨೦ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಅದು ವರ್ಷಗಳ ಪರೀಕ್ಷೆಯನ್ನು ದಾಟಿ, ಗೊತ್ತಾದ ಅಳತೆಯೊಡನೆ, ವೈದ್ಯರ ಚೀಟಿಯ ಮೇಲೆ ಬರುವ ಮಾತ್ರೆ. ಅದಕ್ಕೂ ಅಂಗಡಿಯ ಡಬ್ಬಿಗೂ ಇರುವ ಭೇದವನ್ನು ಮರೆಯಬಾರದು.

ಅಪಾಯ ಮತ್ತು ಮಿತಿ

ಇನ್ನು ಸುರಕ್ಷತೆಯ ವಿಚಾರ. ಅಡುಗೆಮನೆಯ ಅಳತೆಯನ್ನು ಮೊದಲು ನೋಡಬಹುದು. ಐದು ಮಂದಿಯ ಮನೆಯೊಂದರಲ್ಲಿ ಒಂದು ಹೊತ್ತಿನ ಅಡುಗೆಗೆ ಐದು ಗ್ರಾಂ ಒಣ ಉಪ್ಪಾಗೆ ಹಾಕಿದರೆಂದು ಇಟ್ಟುಕೊಳ್ಳೋಣ. ನೂರಕ್ಕೆ ೨೦ರಂತೆ ಅದರಲ್ಲಿ ಒಂದು ಗ್ರಾಂ ಆಮ್ಲ. ಒಬ್ಬೊಬ್ಬರ ಪಾಲಿಗೆ ೨೦೦ ಮಿಲಿಗ್ರಾಂ. ಅದರಲ್ಲಿಯೂ ಒಂದು ಭಾಗ ಲ್ಯಾಕ್ಟೋನ್ ಆಗಿರುತ್ತದೆ. ಒಂದಷ್ಟು ಸಿಪ್ಪೆಯೊಡನೆ ಎಲೆಯ ಬದಿಗೆ ಹೋಗುತ್ತದೆ. ಅಮೆರಿಕದ ಪರೀಕ್ಷೆಯಲ್ಲಿ ಕೊಟ್ಟ ದಿನದ ಪ್ರಮಾಣವಾದರೋ ಇದರ ಏಳೂವರೆಯಷ್ಟು, ಅದೂ ಒಂದು ದಿನವೂ ಬಿಡದೆ. ತೀರ ಹುಳಿಯಾದುದನ್ನು ನಾಲಿಗೆಯೇ ನಿರಾಕರಿಸುತ್ತದೆ. ರುಚಿಯೇ ಅಲ್ಲಿ ಕಾವಲುಗಾರ. ಆಮ್ಲವನ್ನು ಬೇರ್ಪಡಿಸಿ, ಲವಣವಾಗಿಸಿ, ಗುಳಿಗೆಯ ಹೊದಿಕೆಯೊಳಗೆ ತುಂಬಿದಾಗ ಈ ಕಾವಲು ತಪ್ಪಿಹೋಗುತ್ತದೆ.

ಹೆಚ್ಚು ಪ್ರಮಾಣದ ಪರಿಣಾಮವನ್ನು ಪ್ರಾಣಿಗಳಲ್ಲಿ ಪರೀಕ್ಷಿಸಲಾಗಿದೆ. ೨೦೦೫ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದಂತೆ, ದೇಹತೂಕದ ಕಿಲೋಗ್ರಾಮಿಗೆ ದಿನಂಪ್ರತಿ ೭೭೮ ಮಿಲಿಗ್ರಾಂ ಮತ್ತು ಅದಕ್ಕೂ ಹೆಚ್ಚು ಆಮ್ಲ ಸೇವಿಸಿದ ಗಂಡು ಇಲಿಗಳ ವೃಷಣಗಳು ಕ್ಷೀಣಿಸಿದುವು. ೩೮೯ ಮಿಲಿಗ್ರಾಮಿನಲ್ಲಿ ಈ ಕೇಡು ಕಾಣಲಿಲ್ಲ. ಇದು ಮನುಷ್ಯರು ಸೇವಿಸುವುದಕ್ಕಿಂತ ಬಹು ಮೇಲಿನ ಪ್ರಮಾಣವೆಂಬುದು ನಿಜ. ದಿನಕ್ಕೆ ೨,೮೦೦ ಮಿಲಿಗ್ರಾಮಿನವರೆಗೆ ಮನುಷ್ಯರಲ್ಲಿ ಕೇಡು ಕಂಡಿಲ್ಲವೆಂದು ೨೦೦೪ರ ವಿಮರ್ಶೆಯೊಂದು ಹೇಳಿತ್ತು. ವ್ಯಾಪಾರಿಗಳು ಇಂಥ ಸಂಖ್ಯೆಗಳನ್ನು ಅಭಯವಾಕ್ಯದಂತೆ ಬಳಸುತ್ತಾರೆ. ಆದರೆ ಕೆಲವೇ ವಾರಗಳ ಕಾಲ ಕೆಲವು ನೂರು ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ, ಸಾವಿರಾರು ಮಂದಿಯಲ್ಲಿ ಒಬ್ಬರಿಗೆ ಬರುವ ಕೇಡು ಕಾಣದೆ ಹೋಗಬಹುದು. ಈ ವಸ್ತುವಿನ ವಿಷಯದಲ್ಲಿ ನಡೆದುದೂ ಅದೇ.

೨೦೦೯ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹೈಡ್ರಾಕ್ಸಿಕಟ್ ಎಂಬ ಹೆಸರಿನ ತೂಕ ಇಳಿಸುವ ಪದಾರ್ಥಗಳನ್ನು ಕೂಡಲೆ ನಿಲ್ಲಿಸುವಂತೆ ಜನರನ್ನು ಎಚ್ಚರಿಸಿತು. ಯಕೃತ್ತಿನ ಕೇಡಿನ ೨೩ ವರದಿಗಳು ಅದರ ಮುಂದಿದ್ದುವು. ಅವುಗಳಲ್ಲಿ ಒಂದು ಮರಣ. ಆ ಪದಾರ್ಥಗಳು ಹಲವು ಸಾಮಗ್ರಿಗಳ ಮಿಶ್ರಣಗಳಾಗಿದ್ದು, ಕೆಲವುಗಳಲ್ಲಿ ಉಪ್ಪಾಗೆಯ ಸಾರವೂ ಇದ್ದುದರಿಂದ ಅಪರಾಧಿ ಯಾವುದೆಂದು ಆಗ ನಿರ್ಣಯಿಸಲಾಗಲಿಲ್ಲ. ಮುಂದೆ ಸಂದೇಹ ಬಲವಾಯಿತು. ಔಷಧಗಳಿಂದ ಯಕೃತ್ತಿಗಾಗುವ ಕೇಡನ್ನು ಅಭ್ಯಸಿಸುವ ಅಮೆರಿಕದ ವೈದ್ಯರ ಬಳಗವು ೨೦೦೪ರಿಂದ ೨೦೧೮ರವರೆಗೆ ದಾಖಲಿಸಿದ ೧,೪೧೮ ರೋಗಿಗಳಲ್ಲಿ ೨೨ ಮಂದಿಯ ಕೇಡಿಗೆ ಉಪ್ಪಾಗೆಯ ಸಾರದ ಸಂಬಂಧವಿದ್ದುದನ್ನು ೨೦೨೨ರಲ್ಲಿ ಪ್ರಕಟಿಸಿತು. ಐವರು ಆ ಸಾರವನ್ನು ಮಾತ್ರ ಸೇವಿಸಿದ್ದರು. ಉಳಿದವರಲ್ಲಿ ಹೆಚ್ಚಿನವರು ಹಸಿರು ಚಹಾದ ಸಾರದೊಡನೆ ಸೇವಿಸಿದ್ದರು. ಕೇಡಿಗೆ ಒಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಒಂದು ವಿಶಿಷ್ಟ ಆನುವಂಶಿಕ ಲಕ್ಷಣ ಕಂಡುಬಂದಿತು. ಒಂದೇ ವಸ್ತು ಒಬ್ಬನ ಪ್ರಕೃತಿಗೆ ಒಗ್ಗಿ ಮತ್ತೊಬ್ಬನಿಗೆ ವಿಷವಾಗುವುದರ ರಹಸ್ಯ ಇಲ್ಲಿ ಕೊಂಚ ತೆರೆದುಕೊಳ್ಳುತ್ತದೆ. ಫ್ರಾನ್ಸಿನ ರಾಷ್ಟ್ರೀಯ ಆಹಾರ ಸುರಕ್ಷಾ ಸಂಸ್ಥೆಯು ೨೦೨೫ರಲ್ಲಿ, ಈ ಸಾರವುಳ್ಳ ಆಹಾರಪೂರಕಗಳನ್ನು ಸೇವಿಸಲೇಬಾರದೆಂದು ಸಲಹೆಯಿತ್ತಿತು. ಯಕೃತ್ತಿನ ಕೇಡಲ್ಲದೆ ಮನೋವಿಕಾರ, ಹೃದಯ ಮತ್ತು ಸ್ನಾಯುಗಳ ತೊಂದರೆಗಳನ್ನೂ ಅದು ಹೆಸರಿಸಿದೆ.

ಆದುದರಿಂದ ಸಾರದ ಮಾತ್ರೆಗೆ ಸಂಬಂಧಿಸಿದಂತೆ, ಇಷ್ಟು ಮಿಲಿಗ್ರಾಂ ಸರ್ವರಿಗೂ ಕ್ಷೇಮವೆಂದು ಒಂದು ಸಂಖ್ಯೆಯನ್ನು ಹೇಳಲು ಬರುವುದಿಲ್ಲ. ಯಕೃತ್ತಿನ ರೋಗವಿದ್ದವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು, ಮಧುಮೇಹಕ್ಕೆ ಅಥವಾ ಮನಸ್ಸಿನ ಖಿನ್ನತೆಗೆ ಔಷಧ ಸೇವಿಸುವವರು ಇದರಿಂದ ದೂರವಿರುವುದೇ ಲೇಸು. ಸೇವಿಸುತ್ತಿರುವವರಲ್ಲಿ ಕಾರಣವಿಲ್ಲದ ಆಯಾಸ, ವಾಕರಿಕೆ, ಅನ್ನದ್ವೇಷ, ಮೂತ್ರದ ಬಣ್ಣ ಗಾಢವಾಗುವುದು, ಕಣ್ಣು ಹಳದಿಯಾಗುವುದು ಇವು ಕಂಡೊಡನೆ ಮಾತ್ರೆಯನ್ನು ನಿಲ್ಲಿಸಿ ವೈದ್ಯರ ಬಳಿಗೆ ಹೋಗತಕ್ಕದ್ದು. ಡಬ್ಬಿಯನ್ನೂ ಕೊಂಡೊಯ್ದು ತೋರಿಸತಕ್ಕದ್ದು. ಕೇಳಿದಾಗ ಔಷಧಗಳ ಹೆಸರನ್ನೆಲ್ಲ ಹೇಳುವ ರೋಗಿಗಳು, ಗಿಡಮೂಲಿಕೆಯೆಂದೋ ಆಹಾರವೆಂದೋ ಭಾವಿಸಿ ಇದೊಂದನ್ನು ಹೇಳದೆ ಬಿಡುವುದುಂಟು. ಕಾಮಾಲೆಯ ಕಾರಣ ವೈದ್ಯರಿಗೆ ತಿಳಿಯುವುದು ಅದರಿಂದ ತಡವಾಗುತ್ತದೆ. ಸ್ವಾಭಾವಿಕವಾದುದೆಲ್ಲ ನಿರಪಾಯವೆಂಬ ಭ್ರಮೆಯೇ ಇಲ್ಲಿ ಮೊದಲ ವಿಷ.

ಮುರುಗಲ ಪಾನಕ, ಉಪ್ಪಾಗೆಯ ಹುಳಿಗಳಿಗೆ ಈ ಭೀತಿಯನ್ನು ಅಂಟಿಸುವುದೂ ಅಷ್ಟೇ ತಪ್ಪು. ಎಚ್ಚರಿಕೆಗಳೆಲ್ಲ ಸಾಂದ್ರವಾದ ಸಾರವನ್ನು ಕುರಿತವು. ಊಟದ ಹುಳಿಯನ್ನು ಕುರಿತವಲ್ಲ. ಪಾನಕದಲ್ಲಿ ಲಕ್ಷ್ಯವಿಡಬೇಕಾದುದು ಸಕ್ಕರೆಯ ಕಡೆಗೆ. ಹುಳಿಯನ್ನು ಕಲ್ಲಿನ ಮರಿಗೆ, ಜಾಡಿ ಅಥವಾ ಗಾಜಿನ ಪಾತ್ರೆಗಳಲ್ಲಿಡಬೇಕು. ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳಲ್ಲಿ ಇಡಬಾರದು. ಹಿರಿಯರು ಆಚರಿಸುತ್ತ ಬಂದ ಈ ಕ್ರಮವು ರಸಾಯನಶಾಸ್ತ್ರಕ್ಕೂ ಸಮ್ಮತವೇ.

ಕಾಡಿನ ಮಿತಿ

ಮಿತಿಯ ಪ್ರಶ್ನೆ ತಿನ್ನುವವನ ದೇಹದಲ್ಲಿ ಮುಗಿಯುವುದಿಲ್ಲ. ಅದು ಹಣ್ಣು ಬಿಡುವ ಮರಕ್ಕೂ ಸೇರಿದ್ದು. ಈ ಕರಾವಳಿಗೆ ವಿದೇಶವ್ಯಾಪಾರ ಹೊಸತಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಭಟ್ಕಳ, ಹೊನ್ನಾವರಗಳು ಆ ಕಾಲದ ಹೆಸರಾಂತ ಬಂದರುಗಳು. ಮೆಣಸು ಬಹುಮಟ್ಟಿಗೆ ನೆಟ್ಟು ಬೆಳೆಸಿದ ಬಳ್ಳಿಯ ಫಲ. ಉಪ್ಪಾಗೆಯಾದರೋ ಕಾಡು ತಾನಾಗಿ ಕೊಟ್ಟದ್ದು.

೧೯೯೦ರ ದಶಕದಲ್ಲಿ ಸಿಪ್ಪೆಗೆ ಬೆಲೆ ಏರಿದಾಗ ಉತ್ತರ ಕನ್ನಡದ ಘಟ್ಟದ ಮೇಲೆ, ಕೆಳಗೆ ಎಲ್ಲೆಡೆ ಕೊಯ್ಲಿನ ಪೈಪೋಟಿ ಆರಂಭವಾಯಿತು. ಕಾಡಂಚಿನ ಬಡ ಕುಟುಂಬಗಳಿಗೆ ಮಳೆಗಾಲದ ಕಷ್ಟದ ದಿನಗಳಲ್ಲಿ ಅದರಿಂದ ನಾಲ್ಕು ಕಾಸು ಕೈಗೆ ಬಂದುದು ಸಣ್ಣ ಸಂಗತಿಯಲ್ಲ. ಆದರೆ ಯಾರದೂ ಅಲ್ಲದ ಮರದ ಹಣ್ಣಿಗೆ ಮಾಗುವ ತನಕ ಕಾಯುವವರಾರು? ತಾನು ಬಿಟ್ಟರೆ ಇನ್ನೊಬ್ಬ ಕೊಯ್ದಾನೆಂಬ ಆತುರದಲ್ಲಿ ಹಸಿಗಾಯಿಗಳು ಇಳಿದುವ. ಕೈಗೆಟುಕದ ಕಡೆ ಕೊಂಬೆಗಳೇ ಕಡಿದು ಬಿದ್ದುವು. ಕಡಿದ ಕೊಂಬೆ ಹೆಣ್ಣು ಮರದ್ದೇ ಆದುದರಿಂದ ಮುಂದಿನ ಫಲಕ್ಕೂ ಕುತ್ತು ಬಂದಿತು. ಮಳೆಯ ದಿನಗಳಲ್ಲಿ ಬಿಸಿಲಿಲ್ಲದ ಕಾರಣ ಸಿಪ್ಪೆಯನ್ನು ಅಟ್ಟದ ಮೇಲೆ ಹರಡಿ ಕೆಳಗೆ ಬೆಂಕಿಯಿಟ್ಟು ಒಣಗಿಸಬೇಕು. ಅದಕ್ಕೆ ಸೌದೆಯೂ ಕಾಡಿನದೇ. ನಿತಿನ್ ರೈ ಮತ್ತು ಕ್ರಿಸ್ಟೋಫರ್ ಊಲ್ ಅವರು ಈ ಜಿಲ್ಲೆಯ ಉಪ್ಪಾಗೆ ಸಂಗ್ರಹವನ್ನು ಅಭ್ಯಸಿಸಿ ೨೦೦೪ರಲ್ಲಿ ಪ್ರಕಟಿಸಿದ ಲೇಖನವು ಮಾರುಕಟ್ಟೆ, ಒಡೆತನ, ಕಾಡಿನ ಸ್ಥಿತಿ ಇವುಗಳ ಪರಸ್ಪರ ಸಂಬಂಧವನ್ನು ಚರ್ಚಿಸುತ್ತದೆ. ದೂರದೇಶದ ಬೇಡಿಕೆ ತಗ್ಗಿದೊಡನೆ ಇಲ್ಲಿನ ಬೆಲೆಯೂ ಕುಸಿಯಿತೆಂಬುದು ಸಂಗ್ರಹಕಾರರ ಅನುಭವ. ಡಬ್ಬಿಯ ಮೇಲಿನ ಬೆಲೆಗೂ ಹಣ್ಣು ಹೆಕ್ಕಿದವನ ಕೂಲಿಗೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

ಈ ಹಣ್ಣಿಗೆ ಬೇರೆ ಹಕ್ಕುದಾರರೂ ಇದ್ದಾರೆ. ಶರಾವತಿ, ಅಘನಾಶಿನಿ ಕಣಿವೆಗಳ ಕಾಡುಗಳಲ್ಲಿ ಉಳಿದುಕೊಂಡಿರುವ ಸಿಂಗಳೀಕಗಳು ಇದನ್ನು ತಿನ್ನುತ್ತವೆ. ಅವುಗಳ ರಕ್ಷಣೆಗಾಗಿ ೨೦೧೧ರಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲು ಪ್ರದೇಶವೂ, ೨೦೧೯ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವೂ ಘೋಷಿತವಾದುವು. ಮಾಗಿದ ಹಣ್ಣನ್ನು ಮಾತ್ರ ಕೊಯ್ಯುವುದು, ಕೊಂಬೆ ಕಡಿಯದಿರುವುದು, ಒಂದು ಪಾಲನ್ನು ಮರದಲ್ಲಿಯೇ ಬಿಡುವುದು, ಬೀಜವನ್ನು ಕಾಡಿಗೆ ಮರಳಿಸುವುದು ಇವು ಹಳಬರ ನಡವಳಿಕೆಗೆ ಹೊರತಾದುವಲ್ಲ. ೨೦೦೬ರ ಅರಣ್ಯ ಹಕ್ಕು ಕಾಯಿದೆಯು ಕಾಡಿನ ಕಿರು ಉತ್ಪನ್ನಗಳ ಮೇಲೆ ಅರಣ್ಯವಾಸಿಗಳ ಹಕ್ಕನ್ನು ಮಾನ್ಯಮಾಡಿದೆ. ಹಕ್ಕು ಗಟ್ಟಿಯಾದೆಡೆ ಕಾಯುವ ತಾಳ್ಮೆಯೂ ಬರುತ್ತದೆ.

ಉಪಸಂಹಾರ

ವಿದ್ಯಾಲಯಗಳು ಈ ವಿಷಯದಲ್ಲಿ ಮಾಡಬಹುದಾದ ಕೆಲಸ ಅಲ್ಪವಲ್ಲ. ಇಂದಿನ ತರುಣ ತರುಣಿಯರು ಮೈತೂಕದ ಚಿಂತೆಗೆ ಬಲುಬೇಗ ಸಿಲುಕುತ್ತಾರೆ; ಜಾಹೀರಾತು ಅವರನ್ನು ಮೊದಲು ಮುಟ್ಟುತ್ತದೆ, ಉಪಾಧ್ಯಾಯರ ಮಾತು ಆಮೇಲೆ. ಶಾಲೆಯಲ್ಲಿ ಈ ಪಾಠವನ್ನು ಒಮ್ಮೆ ಸಾವಧಾನವಾಗಿ ಹೇಳಿದರೆ ಒಂದಾದರೂ ಮನೆಯಲ್ಲಿ ಕಾಮಾಲೆಯ ಕಷ್ಟ ತಪ್ಪೀತು. ರಸಾಯನಶಾಸ್ತ್ರದ ಅಧ್ಯಾಪಕರು ನಿಂಬೆ ಮತ್ತು ಉಪ್ಪಾಗೆಯ ಆಮ್ಲಗಳನ್ನು ಅಕ್ಕಪಕ್ಕದಲ್ಲಿ ಬರೆದು ತೋರಿಸಬಹುದು. ಗಣಿತದ ಅಧ್ಯಾಪಕರು ಸಾರಿನ ಐದು ಗ್ರಾಮಿನ ಲೆಕ್ಕವನ್ನು ಮಾಡಿಸಬಹುದು. ಭಾಷಾಧ್ಯಾಪಕರು ಮಾತ್ರೆಯೆಂಬ ಪದವನ್ನು ಬಿಡಿಸಿ ಹೇಳಬಹುದು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಮನಸ್ಸು ಮಾಡಿದರೆ ಶಾಲೆಯ ಆವರಣದಲ್ಲಿ ಉಪ್ಪಾಗೆ, ಮುರುಗಲುಗಳ ಸಾಲೊಂದನ್ನು ಬೆಳೆಸುವುದು ಕಷ್ಟವಲ್ಲ. ಬೀಜದ ಗಿಡ ಫಲಕ್ಕೆ ಬರಲು ಬಹಳ ವರ್ಷಗಳು ಬೇಕು, ಗಂಡೋ ಹೆಣ್ಣೋ ಎಂಬುದೂ ಅದುವರೆಗೆ ತಿಳಿಯದು. ಹೆಣ್ಣು ಮರದ ಕಸಿ ಗಿಡಗಳಾದರೆ ಬೇಗ ಕಾಯಿ ಬಿಡುತ್ತವೆ. ಜೊತೆಗೆ ಪರಾಗಕ್ಕಾಗಿ ಒಂದೆರಡು ಗಂಡು ಗಿಡಗಳಿದ್ದರೆ ಸಾಕು.

ಪದ್ಯದಲ್ಲಿ ಒಂದು ಮಾತ್ರೆ ಹೆಚ್ಚಾದರೆ ಛಂದೋಭಂಗವಾಗುತ್ತದೆ; ಕಿವಿಯುಳ್ಳವನಿಗೆ ಅದು ಕೂಡಲೆ ತಿಳಿಯುತ್ತದೆ. ದೇಹದಲ್ಲಿಯೂ ಕಾಡಿನಲ್ಲಿಯೂ ಮಾತ್ರೆ ಮೀರಿದುದು ಅಷ್ಟು ಬೇಗ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಕೇಡು ಮುಂದುವರಿದಿರುತ್ತದೆ. ಉಪ್ಪಾಗೆಯನ್ನು ಊಟದ ಎಲೆಯಲ್ಲಿ ಉಳಿಸಿಕೊಳ್ಳುವುದು, ಡಬ್ಬಿಯ ಮಾತ್ರೆಗೆ ವೈದ್ಯರ ಅಪ್ಪಣೆಯಿಲ್ಲದೆ ಕೈಚಾಚದಿರುವುದು, ಮರದ ಕೊಂಬೆಯ ಮೇಲೆ ಒಂದಷ್ಟು ಹಣ್ಣನ್ನು ಬಿಟ್ಟು ಬರುವುದು ಇವು ಮೂರೂ ಒಂದೇ ವಿವೇಕದ ಮೂರು ಮುಖಗಳು.